ಓಡುತ್ತಲೇ ಉಳಿದ ಹೊಗೆಬಂಡಿ

ಕೆಲವು ವರ್ಷಗಳ ಹಿಂದೆ ನನ್ನ ಸೋದರಮಾವನವರನ್ನು ಕರೆದುಕೊಂಡು ಒಂದು ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಅವರು ತಮ್ಮ ಉದ್ಯೋಗದ ಬಹುಭಾಗವನ್ನು ಮೀಟರ್ ಗೇಜ್ ಹಳಿಗಳ ಮೇಲೆ, ಉಗಿ ಎಂಜಿನ್ನಿನ ಫೈರ್‌ಮನ್ ಆಗಿ, ಒಲೆಯ ಬಾಯಿಗೆ ಕಲ್ಲಿದ್ದಲು ಎರಚುತ್ತ ಕಳೆದವರು. ತಮ್ಮ ಹಳೆಯ ಒಡನಾಡಿಯನ್ನು ಕಂಡು ಅವರಿಗೆ ಸಂತೋಷವಾದೀತೆಂದು ನನ್ನ ಎಣಿಕೆ. ಕಪ್ಪು ಬಣ್ಣ ಬಳಿದುಕೊಂಡು, ಹಿತ್ತಾಳೆಯ ಪಟ್ಟಿಗಳನ್ನು ತಿಕ್ಕಿಸಿಕೊಂಡು, ಹುಲ್ಲುಹಾಸಿನ ನಡುವೆ ಮದುವಣಗಿತ್ತಿಯಂತೆ ನಿಂತಿದ್ದ ಎಂಜಿನ್ನನ್ನು ಅವರು ಒಂದು ಸುತ್ತು ಹಾಕಿ ನೋಡಿದರು. ಬಾಯ್ಲರಿನ ಹೊಟ್ಟೆಯ ಮೇಲೆ ಅಂಗೈಯಿಟ್ಟರು. ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡಿದ್ದು, “ತಣ್ಣಗಿದೆಯಲ್ಲೋ,” ಎಂದರು. ಅಷ್ಟೇ. ಆಮೇಲೆ ಹೊರಗೆ ಬಂದು ಕಾಫಿ ಕುಡಿದೆವು.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ವಸ್ತುಸಂಗ್ರಹಾಲಯಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ೧೯೭೯ರಲ್ಲಿ ಮೈಸೂರಿನಲ್ಲಿ ರೈಲು ಸಂಗ್ರಹಾಲಯ ತೆರೆಯದೆ ಇದ್ದಿದ್ದರೆ, ೧೮೯೯ರ ಮಹಾರಾಣಿಯವರ ಸಲೂನು ಗಾಡಿ ಇಂದು ನಮ್ಮ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ. ಆದರೆ ಶಿಲ್ಪವನ್ನೋ ನಾಣ್ಯವನ್ನೋ ಕಾಪಾಡುವುದು ಬೇರೆ, ಕೆಲಸ ಮಾಡುವುದಕ್ಕೆಂದೇ ಹುಟ್ಟಿದ ವಸ್ತುವನ್ನು ಕಾಪಾಡುವುದು ಬೇರೆ. ನಿಂತ ಎಂಜಿನ್ನು ಉಳಿದ ಎಂಜಿನ್ನೇ? ಓಡಿಸಿದರೆ ಸವೆಯುತ್ತದೆ, ಓಡಿಸದಿದ್ದರೆ ತಣ್ಣಗಾಗುತ್ತದೆ. ಈ ಇಕ್ಕಟ್ಟನ್ನು ಮೊಟ್ಟಮೊದಲು ಎದುರಿಸಿದವರು ಬ್ರಿಟನ್ನಿನ ಪಶ್ಚಿಮ ಅಂಚಿನಲ್ಲಿರುವ ವೇಲ್ಸ್ ನಾಡಿನ ಒಂದು ಪುಟ್ಟ ರೈಲುಮಾರ್ಗದವರು. ಬರ್ಮಿಂಗ್‌ಹ್ಯಾಮಿನಲ್ಲಿರುವ ತಮ್ಮನ ಮನೆಗೆ ಹೋಗಿದ್ದಾಗ ಅದನ್ನು ನೋಡಿ ಬರುವ ಅವಕಾಶ ನನಗೆ ಒದಗಿತು.

ಬರ್ಮಿಂಗ್‌ಹ್ಯಾಮಿನಿಂದ ಪಶ್ಚಿಮಕ್ಕೆ ಹೊರಟ ರೈಲು ಬೆಟ್ಟಗಳ ನಡುವೆ ನುಸುಳಿ, ಮಖನ್ಲೆತ್ ಎಂಬ ನಿಲ್ದಾಣವನ್ನು ದಾಟಿ, ಕಡಲ ಅಂಚಿಗೆ ಬಂದು ಟವಿನ್ ಎಂಬ ಊರಿನಲ್ಲಿ ನಮ್ಮನ್ನಿಳಿಸುತ್ತದೆ. ದೊಡ್ಡ ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಣ್ಣ ನಿಲ್ದಾಣ. ಹಳಿಗಳ ನಡುವಿನ ಅಂತರ ಎರಡು ಅಡಿ ಮೂರು ಅಂಗುಲ. ನಮ್ಮ ಮೀಟರ್ ಗೇಜು ಅದರ ಮುಂದೆ ರಾಜಮಾರ್ಗ! ಅಲ್ಲಿಂದ ಏಳೂ ಕಾಲು ಮೈಲಿ ದೂರ ಒಂದು ಕಣಿವೆಯ ಪಕ್ಕವನ್ನು ಹಿಡಿದು ಮೇಲೇರುವ ಈ ದಾರಿಯ ಹೆಸರು ಟಾಲಿಲಿನ್ ರೈಲ್ವೆ. ಹಾಗೆಂದು ನಾನು ಬರೆದೆನೇ ಹೊರತು, ಆ ಹೆಸರಿನ ನಡುವಿನ ಜೋಡಿ ಲಕಾರದ ಉಚ್ಚಾರಣೆಗೆ ನಮ್ಮ ಲಿಪಿಯಲ್ಲಿ ಅಕ್ಷರವಿಲ್ಲ. ನಾಲಗೆಯನ್ನು ಲಕಾರದ ಸ್ಥಾನದಲ್ಲಿಟ್ಟು ಗಾಳಿ ಊದಬೇಕು. ಕಳೆದುಹೋದ ನಮ್ಮ ೞಕಾರಕ್ಕಾಗಿ ತರಗತಿಯಲ್ಲಿ ವರ್ಷಕ್ಕೊಮ್ಮೆ ನಿಟ್ಟುಸಿರಿಡುವ ನನಗೆ, ಅಕ್ಕಪಕ್ಕದ ದೊಡ್ಡ ಭಾಷೆಯ ಒತ್ತಡದಲ್ಲೂ ತನ್ನ ವಿಚಿತ್ರ ಲಕಾರವನ್ನು ಬಿಟ್ಟುಕೊಡದ ಈ ಸಣ್ಣ ಭಾಷೆಯ ಮೇಲೆ ಆ ಕ್ಷಣವೇ ಗೌರವ ಹುಟ್ಟಿತು. ಹೆಸರಿನ ಅರ್ಥ ‘ಸರೋವರದ ತುದಿ’ ಎಂದು. ತಮಾಷೆಯೆಂದರೆ ಈ ರೈಲು ಆ ಸರೋವರದವರೆಗೆ ಎಂದೂ ಹೋದದ್ದಿಲ್ಲ.

ಇದು ಹುಟ್ಟಿದ ಕಥೆಯಲ್ಲಿ ನಮ್ಮ ಧಾರವಾಡದ ಹತ್ತಿಯ ಎಳೆಯೂ ದೂರದಿಂದ ಬಂದು ಸೇರಿಕೊಳ್ಳುತ್ತದೆ. ೧೮೬೧ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ದಕ್ಷಿಣದ ಬಂದರುಗಳು ಮುಚ್ಚಿದಾಗ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಗಿರಣಿಯ ಸಾಹುಕಾರರು ಎರಡು ದಿಕ್ಕಿಗೆ ನೋಡಿದರು. ಕೆಲವರು ಬೇರೆ ಕಡೆಯ ಹತ್ತಿಯನ್ನು ಅರಸಿದರು. ಅವರ ಕಣ್ಣು ಧಾರವಾಡದ ಎರೆನೆಲದ ಮೇಲೂ ಅದಕ್ಕೆ ಬಾಗಿಲಾಗಬಹುದಾದ ಕಾರವಾರದ ಬಂದರಿನ ಮೇಲೂ ಬಿತ್ತು. ಉತ್ತರ ಕನ್ನಡ ಜಿಲ್ಲೆ ೧೮೬೨ರಲ್ಲಿ ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದರ ಹಿಂದೆ ಈ ಹತ್ತಿಯ ಆಸೆಯೇ ಇತ್ತು. ಇನ್ನು ಕೆಲವರು ಹತ್ತಿಯ ಗೊಡವೆಯೇ ಬೇಡವೆಂದು ಹಣವನ್ನು ಬೇರೆ ವ್ಯಾಪಾರಗಳಲ್ಲಿ ತೊಡಗಿಸಿದರು. ಮ್ಯಾಂಚೆಸ್ಟರಿನ ಹೆಸರಾಂತ ನೂಲುಗಾರರಾದ ಮೆಕಾನಲ್ ಮನೆತನದವರು ಈ ಎರಡನೆಯ ಗುಂಪು. ಅವರು ೧೮೬೪ರಲ್ಲಿ ವೇಲ್ಸಿನ ಬ್ರಿನ್ ಎಗ್ಲುಯಿಸ್ ಎಂಬ ಗುಡ್ಡದ ಸ್ಲೇಟುಕಲ್ಲಿನ ಗಣಿಯನ್ನು ಹಿಡಿದರು. ನಾವು ಬಳಪದಿಂದ ಅಕ್ಷರ ತಿದ್ದಿದ ಅದೇ ಜಾತಿಯ ಕಲ್ಲು. ಅವರಲ್ಲಿ ಅದು ಮುಖ್ಯವಾಗಿ ಮನೆಯ ಮಾಡಿಗೆ ಹೊದಿಸುವ ಹಲಗೆ. ಕುದುರೆಗಳ ಬೆನ್ನ ಮೇಲೆ ಹೇರಿ ಕಡಲಿನ ಕಡೆಗೆ ಸಾಗಿಸುತ್ತಿದ್ದ ಕಲ್ಲಿಗಾಗಿ ಅವರು ರೈಲುಹಾದಿ ಹಾಕಿಸಿದರು. ೧೮೬೫ರಲ್ಲಿ ಪಾರ್ಲಿಮೆಂಟಿನ ಶಾಸನವಾಯಿತು. ‘ಟಾಲಿಲಿನ್’, ‘ಡೋಲ್ಗೋಖ್’ ಎಂಬ ಎರಡು ಎಂಜಿನ್ನುಗಳು ವೈಟ್‌ಹೇವನ್ನಿನ ಫ್ಲೆಚರ್ ಜೆನ್ನಿಂಗ್ಸ್ ಕಾರ್ಖಾನೆಯಿಂದ ಬಂದವು, ಮೊದಲನೆಯದು ೧೮೬೪ರದು, ಎರಡನೆಯದು ೧೮೬೬ರದು. ಈ ಎರಡು ಹೆಸರುಗಳನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು.

೧೮೬೬ರಲ್ಲಿ ಸರ್ಕಾರದ ಪರೀಕ್ಷಕನಾದ ಕ್ಯಾಪ್ಟನ್ ಟೈಲರ್ ಬಂದು ಅಳತೆ ಹಿಡಿದಾಗ ಒಂದು ಎಡವಟ್ಟು ಬೆಳಕಿಗೆ ಬಂತು. ಹಳಿಯ ಮೇಲೆ ಹಾಯ್ದ ಸೇತುವೆಗಳ ಕಮಾನುಗಳು ತೀರ ಇಕ್ಕಟ್ಟು. ಗಾಡಿ ಕಮಾನಿನ ಕೆಳಗೆ ಸಿಕ್ಕಿಕೊಂಡು ನಿಂತರೆ ಬಾಗಿಲು ತೆರೆದು ಹೊರಬರುವುದಕ್ಕೂ ಎಡೆಯಿಲ್ಲ. ಕಮಾನುಗಳನ್ನು ಕೆಡವಿ ಕಟ್ಟಲು ಕಂಪನಿಗೆ ಮನಸ್ಸಿರಲಿಲ್ಲ. ಕೊನೆಗೆ ಕಂಡುಕೊಂಡ ಉಪಾಯ ಯಾವ ಹಳ್ಳಿಯ ಬಡಗಿಗೂ ಹೊಳೆಯಬಹುದಾದದ್ದು: ಸೇತುವೆಗಳ ಕೆಳಗೆ ಹಳಿಯನ್ನು ಒಂದು ಪಕ್ಕಕ್ಕೆ ಸರಿಸುವುದು, ಗಾಡಿಗಳ ಇನ್ನೊಂದು ಪಕ್ಕದ ಬಾಗಿಲುಗಳನ್ನು ಶಾಶ್ವತವಾಗಿ ಮುಚ್ಚಿಬಿಡುವುದು. ಇಂದಿಗೂ ಈ ರೈಲಿಗೆ ಒಂದೇ ಪಕ್ಕದಲ್ಲಿ ಬಾಗಿಲು, ಒಂದೇ ಪಕ್ಕದಲ್ಲಿ ಪ್ಲಾಟ್‌ಫಾರಂ. ನೂರೈವತ್ತು ವರ್ಷಗಳ ಹಿಂದಿನ ತಪ್ಪು ಅಳತೆಯನ್ನೂ ಆ ಜನ ಜೋಪಾನವಾಗಿ ಉಳಿಸಿಕೊಂಡಿದ್ದಾರೆ!

ಮುಂದಿನ ಎಂಬತ್ತು ವರ್ಷಗಳ ಕಥೆ ಇಳಿಜಾರಿನದು. ಸ್ಲೇಟಿನ ಕಾಲ ಇಳಿಯಿತು. ೧೯೧೧ರಲ್ಲಿ ಗಣಿಯನ್ನೂ ರೈಲನ್ನೂ ಹೆನ್ರಿ ಹೇಡನ್ ಜೋನ್ಸ್ ಎಂಬವರು ಕೊಂಡರು. ಆಗಷ್ಟೇ ಆ ಪ್ರಾಂತದಿಂದ ಪಾರ್ಲಿಮೆಂಟಿಗೆ ಆರಿಸಿಬಂದಿದ್ದವರು. ೧೯೪೫ರವರೆಗೂ ಸದಸ್ಯರಾಗಿದ್ದು ಸರ್ ಪದವಿ ಪಡೆದವರು. ವೇಲ್ಸ್ ಭಾಷೆಯ ಭಕ್ತಿಗೀತೆಗಳ ಸಂಕಲನವೊಂದನ್ನು ಸಿದ್ಧಪಡಿಸಿದವರು. ವ್ಯಾಪಾರಿಯ ಲೆಕ್ಕದಲ್ಲಿ ನೋಡಿದರೆ ಈ ರೈಲನ್ನು ಅವರು ಎಂದೋ ಗುಜರಿಗೆ ಹಾಕಬೇಕಾಗಿತ್ತು. ೧೯೪೬ರ ಕೊನೆಗೆ ಗಣಿಯಲ್ಲಿ ದೊಡ್ಡ ಕುಸಿತವಾಗಿ ಕೆಲಸ ನಿಂತೇ ಹೋಯಿತು. ರೈಲು ಯಾವುದಕ್ಕಾಗಿ ಹುಟ್ಟಿತ್ತೋ ಆ ಕಾರಣವೇ ಇಲ್ಲದಾಯಿತು. ಆದರೆ ಮುದುಕರು ಒಂದು ಮಾತು ಕೊಟ್ಟಿದ್ದರು: ನಾನು ಬದುಕಿರುವವರೆಗೆ ರೈಲು ಓಡುತ್ತದೆ. ಓಡಿಸಿದರು. ಎರಡು ಎಂಜಿನ್ನುಗಳಲ್ಲಿ ‘ಟಾಲಿಲಿನ್’ ೧೯೪೫ರಲ್ಲೇ ಷೆಡ್ಡು ಸೇರಿ ಮಲಗಿತ್ತು. ಉಳಿದದ್ದು ಮುದಿ ‘ಡೋಲ್ಗೋಖ್’ ಒಂದೇ. ಅದು ಕೆಟ್ಟ ದಿನ ರೈಲಿಲ್ಲ. ಸ್ಲೀಪರುಗಳು ಕೊಳೆತು, ಹಳಿ ಹುಲ್ಲಿನಲ್ಲಿ ಮುಳುಗಿ, ಹಳಿಯನ್ನು ಹಿಡಿದಿರುವುದು ಮರವೋ ಹುಲ್ಲೋ ಎಂದು ಹೇಳಲಾಗದ ಸ್ಥಿತಿ.

ಇಲ್ಲಿ ವಿಧಿಯ ಆಟವೊಂದನ್ನು ಹೇಳದೆ ಮುಂದೆ ಹೋಗಲಾರೆ. ೧೯೪೮ರ ಜನವರಿ ೧ರಂದು ಬ್ರಿಟನ್ನಿನ ರೈಲುಗಳೆಲ್ಲ ರಾಷ್ಟ್ರೀಕರಣವಾದವು. ಶಾಸನಕ್ಕೆ ಲಗತ್ತಿಸಿದ್ದ ಕಂಪನಿಗಳ ಉದ್ದನೆಯ ಪಟ್ಟಿಯಲ್ಲಿ ಟಾಲಿಲಿನ್ನಿನ ಹೆಸರಿರಲಿಲ್ಲ. ಕೈತಪ್ಪಿ ಬಿಟ್ಟುಹೋಯಿತೋ, ಇಷ್ಟು ಸಣ್ಣದು ನಮಗೇಕೆಂದು ಬಿಟ್ಟರೋ, ಅಂತೂ ಬಿಟ್ಟಿತು. ಬೆಟ್ಟದ ಆಚೆಯ ಕಣಿವೆಯಲ್ಲಿ ಇದೇ ಅಳತೆಯ ಹಳಿಯಿದ್ದ ಕಾರಿಸ್ ರೈಲ್ವೆಯ ಹಣೆಬರಹ ಬೇರೆಯಾಗಿತ್ತು. ಅದು ಮೊದಲೇ ದೊಡ್ಡ ಕಂಪನಿಯೊಂದರ ಕೈಸೇರಿದ್ದರಿಂದ ರಾಷ್ಟ್ರದ ಆಸ್ತಿಯಾಯಿತು. ಆ ವರ್ಷದ ಆಗಸ್ಟಿನಲ್ಲೇ ಮುಚ್ಚಿಹೋಯಿತು. ಅದರ ಎರಡು ಎಂಜಿನ್ನುಗಳು ಮಖನ್ಲೆತ್ ನಿಲ್ದಾಣದ ಅಂಗಳದಲ್ಲಿ ಅನಾಥವಾಗಿ ನಿಂತವು. ಸರ್ಕಾರದ ಲಕ್ಷ್ಯಕ್ಕೆ ಬಂದದ್ದು ಸತ್ತಿತು, ಮರೆತದ್ದು ಬದುಕಿತು. ಹೀಗೆಂದು ಸಾಮಾನ್ಯ ನಿಯಮ ಮಾಡಲು ನಾನು ಸಿದ್ಧನಿಲ್ಲ. ನಮ್ಮ ನೀಲಗಿರಿಯ ಬೆಟ್ಟದ ರೈಲೂ ಡಾರ್ಜಿಲಿಂಗಿನ ರೈಲೂ ಇಂದಿಗೂ ಉಳಿದಿರುವುದು ಸರ್ಕಾರದ ರೈಲ್ವೆಯ ಕೈಯಲ್ಲೇ. ಆದರೆ ಈ ಒಂದು ಸಂಗತಿಯಲ್ಲಿ ನಡೆದದ್ದು ಹಾಗೆ.

ಈಗ ಎಲ್. ಟಿ. ಸಿ. ರೋಲ್ಟ್ ರಂಗಕ್ಕೆ ಬರುತ್ತಾರೆ. ಕಾರ್ಖಾನೆಯಲ್ಲಿ ಎಂಜಿನ್ನುಗಳ ಕೆಲಸ ಕಲಿತು, ಆಮೇಲೆ ಲೇಖಕರಾದವರು. ಪಾಳುಬಿದ್ದ ಕಾಲುವೆಗಳಲ್ಲಿ ದೋಣಿಯ ಮೇಲೆ ಸಂಸಾರ ಹೂಡಿ ಆ ಅನುಭವವನ್ನು ೧೯೪೪ರಲ್ಲಿ ಪುಸ್ತಕವಾಗಿಸಿ, ಇಂಗ್ಲೆಂಡಿನ ಕಾಲುವೆಗಳನ್ನು ಉಳಿಸಬೇಕೆಂಬ ಚಳವಳಿಗೆ ಕಾರಣರಾದವರಲ್ಲಿ ಒಬ್ಬರು. ಯುದ್ಧಕಾಲದಲ್ಲಿ ಒಮ್ಮೆ ಟವಿನ್ನಿಗೆ ಬಂದಾಗ ‘ಇಂದು ರೈಲಿಲ್ಲ’ ಎಂಬ ಸೂಚನೆ ಕಂಡು, ಬಂದದ್ದಾಯಿತಲ್ಲ ಎಂದು ಹಳಿಯ ಮೇಲೆಯೇ ನಡೆದುಹೋದರಂತೆ. ನಿಂತ ರೈಲಿನ ಮೇಲೆ ಮನಸ್ಸಿಟ್ಟ ಮನುಷ್ಯ! ೧೯೪೯ರಲ್ಲಿ ಬರ್ಮಿಂಗ್‌ಹ್ಯಾಮಿನ ಪತ್ರಿಕೆಯೊಂದರಲ್ಲಿ ಈ ರೈಲಿನ ಭವಿಷ್ಯದ ಬಗ್ಗೆ ವಾಚಕರ ಪತ್ರಗಳ ಚರ್ಚೆ ನಡೆಯಿತು. ಸರ್ಕಾರವನ್ನು ಬೇಡುವುದಕ್ಕಿಂತ ಆಸಕ್ತರೇ ಸೇರಿ ಇದನ್ನು ನಡೆಸಬಾರದೇಕೆ ಎಂದು ಯೋಚಿಸಿದವರಲ್ಲಿ ರೋಲ್ಟ್ ಮುಂದಿನವರು. ಸರ್ ಹೇಡನ್‌ರನ್ನು ಕಂಡು ಮಾತಾಡಿಯೂ ಬಂದರು. ೧೯೫೦ರ ಜುಲೈ ೨ರಂದು ಮುದುಕರು ತೀರಿಕೊಂಡರು; ಕೊಟ್ಟ ಮಾತಿನ ಅವಧಿಯೂ ಮುಗಿಯಿತು. ಆ ವರ್ಷದ ಅಕ್ಟೋಬರ್ ೧೧ರಂದು ಬರ್ಮಿಂಗ್‌ಹ್ಯಾಮಿನ ಇಂಪೀರಿಯಲ್ ಹೋಟೆಲಿನಲ್ಲಿ ಸಭೆ ಸೇರಿತು. ಬಂದವರು ಸುಮಾರು ಎಪ್ಪತ್ತು ಮಂದಿ. ಸಂಘ ಸ್ಥಾಪನೆಯಾಯಿತು. ಸರ್ ಹೇಡನ್‌ರ ಪತ್ನಿ ಷೇರುಗಳನ್ನು ಲಾಭಕ್ಕಾಗಿ ನಡೆಯದ ಒಂದು ಸಂಸ್ಥೆಗೆ ವಹಿಸಿಕೊಟ್ಟರು. ೧೯೫೧ರ ಮೇ ೧೪ರಂದು ಸಂಘದ ಆಡಳಿತದಲ್ಲಿ ಮೊದಲ ರೈಲು ಹೊರಟಿತು. ಹವ್ಯಾಸಿಗಳು ಸೇರಿ ಉಳಿಸಿಕೊಂಡು ನಡೆಸಿದ ರೈಲುಗಳಲ್ಲಿ ಪ್ರಪಂಚಕ್ಕೆಲ್ಲ ಇದೇ ಮೊದಲನೆಯದು.

ಎಳೆದದ್ದು ಅದೇ ‘ಡೋಲ್ಗೋಖ್’, ಎಂಬತ್ತೈದು ವರ್ಷದ ಮುದುಕಿ. ಅವಳು ಒಂದು ದಿನ ಕೈಕೊಟ್ಟರೆ ಸಂಘದ ಮಾನ ಹೋಗುತ್ತಿತ್ತು. ಆದ್ದರಿಂದ ಮಖನ್ಲೆತ್ತಿನಲ್ಲಿ ಅನಾಥವಾಗಿದ್ದ ಕಾರಿಸ್ ರೈಲಿನ ಎರಡು ಎಂಜಿನ್ನುಗಳನ್ನು ತಲಾ ೨೫ ಪೌಂಡಿಗೆ ಕೊಂಡು ತಂದರು. ಒಂದಕ್ಕೆ ‘ಸರ್ ಹೇಡನ್’ ಎಂದೂ ಇನ್ನೊಂದಕ್ಕೆ ಅವರ ಕಾಲದ ಮ್ಯಾನೇಜರರ ನೆನಪಿಗೆ ‘ಎಡ್ವರ್ಡ್ ಥಾಮಸ್’ ಎಂದೂ ಹೆಸರಿಟ್ಟರು. ‘ಸರ್ ಹೇಡನ್’ ಹಳಿಯ ಮೇಲೆ ನಿಂತ ಕೂಡಲೆ ತಿಳಿಯಿತು, ಹಳೆಯ ಹಳಿಗಳು ಅಗಲಗೊಂಡು ಅದರ ಚಕ್ರಗಳು ಒಳಕ್ಕೆ ಜಾರಿ ಬೀಳುತ್ತಿವೆಯೆಂದು! ‘ಎಡ್ವರ್ಡ್ ಥಾಮಸ್’ ತಯಾರಾದದ್ದು ೧೯೨೧ರಲ್ಲಿ ಕೆರ್ ಸ್ಟೂಅರ್ಟ್ ಕಾರ್ಖಾನೆಯಲ್ಲಿ. ರೋಲ್ಟ್ ಹುಡುಗನಾಗಿ ಕೆಲಸ ಕಲಿತದ್ದೂ ಅಲ್ಲಿಯೇ. ಆ ಕಾರ್ಖಾನೆ ಮುಚ್ಚಿದ ಮೇಲೆ ಅದರ ನಕ್ಷೆಗಳ ವಾರಸುದಾರರಾಗಿದ್ದ ಹನ್‌ಸ್ಲೆಟ್ ಕಂಪನಿಯ ಮುಖ್ಯಸ್ಥರು ಸಂಘದ ಸದಸ್ಯರಾಗಿದ್ದರು. ಅವರು ಎಂಜಿನ್ನನ್ನು ಹಣ ತೆಗೆದುಕೊಳ್ಳದೆ ದುರಸ್ತಿ ಮಾಡಿಸಿಕೊಟ್ಟರು. ಮೊದಲ ಎರಡು ವರ್ಷ ರೋಲ್ಟರೇ ಮ್ಯಾನೇಜರು. ಆ ಪಾಡನ್ನೆಲ್ಲ ಅವರು ೧೯೫೩ರಲ್ಲಿ ‘ರೈಲ್ವೆ ಅಡ್ವೆಂಚರ್’ ಎಂಬ ಪುಸ್ತಕವಾಗಿ ಬರೆದರು.

ಪಾದ್ರಿ ಆಡ್ರಿಯವರ ವಿಷಯವನ್ನೂ ಹೇಳಬೇಕು, ಏಕೆಂದರೆ ಅವರ ಥಾಮಸ್ ಎಂಬ ನೀಲಿ ಎಂಜಿನ್ನು ನಮ್ಮ ಬೆಂಗಳೂರಿನ ಮಕ್ಕಳ ಕೈಗಳಲ್ಲೂ ಇದೆ. ಸಂಘದ ಆರಂಭದ ವರ್ಷಗಳಲ್ಲಿ ಅವರು ರಜೆಯಲ್ಲಿ ಬಂದು ಈ ರೈಲಿನ ಗಾರ್ಡಾಗಿ ದುಡಿದರು. ಒಮ್ಮೆ ತಿಂಡಿ ಮಾರುವ ಮಹಿಳೆ ಹತ್ತುವ ಮೊದಲೇ ಹಸಿರು ಬಾವುಟ ತೋರಿಸಿ ಆಕೆಯನ್ನು ನಿಲ್ದಾಣದಲ್ಲೇ ಬಿಟ್ಟುಬಂದರಂತೆ. ಆಮೇಲೆ ಬರೆದ ಮಕ್ಕಳ ಕಥೆಯಲ್ಲಿ ಆ ತಪ್ಪನ್ನು ಮೆಲ್ಲಗೆ ಎಂಜಿನ್ನಿನ ತಲೆಗೆ ಕಟ್ಟಿದರು. ಟವಿನ್ ನಿಲ್ದಾಣದ ಮಗ್ಗುಲಲ್ಲಿರುವ ಸಂಗ್ರಹಾಲಯದಲ್ಲಿ ಆಡ್ರಿಯವರ ಓದುವ ಕೋಣೆಯನ್ನು ಮತ್ತೆ ಕಟ್ಟಿ ಇಟ್ಟಿದ್ದಾರೆ. ಅದೇ ಸಂಗ್ರಹಾಲಯದಲ್ಲಿ ಡಬ್ಲಿನ್ನಿನ ಗಿನ್ನೆಸ್ ಮದ್ಯದ ಕಾರ್ಖಾನೆ ೧೯೫೬ರಲ್ಲಿ ಕೊಟ್ಟ ಕುಳ್ಳನೆಯ ಎಂಜಿನ್ನೂ ಇದೆ. ನಾನು ಮಾವನವರನ್ನು ನೆನೆದು ಸುತ್ತ ನೋಡಿ, ಒಂದು ಎಂಜಿನ್ನಿನ ಕಬ್ಬಿಣವನ್ನು ಬೆರಳ ತುದಿಯಿಂದ ಮುಟ್ಟಿದೆ. ತಣ್ಣಗೇ ಇತ್ತು. ಹೊರಗೆ ಬಂದರೆ ಇಪ್ಪತ್ತು ಹೆಜ್ಜೆಯಾಚೆ, ಹಸಿರು ಬಣ್ಣದ ‘ಡೋಲ್ಗೋಖ್’ ಮೈಯೆಲ್ಲ ಬಿಸಿಯಾಗಿ ಬುಸುಗುಡುತ್ತಿತ್ತು.

ಆದರೆ ಅದು ಯಾವ ‘ಡೋಲ್ಗೋಖ್’? ನನ್ನ ತೊಡಕು ಇರುವುದೇ ಇಲ್ಲಿ. ಉಗಿ ಎಂಜಿನ್ನಿಗೆ ಬೆಳಿಗ್ಗೆ ಬೆಂಕಿ ಕೊಟ್ಟರೆ ಉಗಿ ಏರಲು ಗಂಟೆಗಳು ಬೇಕು. ಅಷ್ಟು ಹೊತ್ತೂ ತಗಡು ಹಿಗ್ಗುತ್ತದೆ, ರಾತ್ರಿ ಆರಿದಾಗ ಕುಗ್ಗುತ್ತದೆ. ಬೆಂಕಿ ಒಳಗಿನಿಂದ ತಿನ್ನುತ್ತದೆ, ನೀರಿನ ಲವಣ ಹೊರಗಿನಿಂದ ತಿನ್ನುತ್ತದೆ. ಬ್ರಿಟನ್ನಿನ ಪದ್ಧತಿಯಂತೆ ಸುಮಾರು ಹತ್ತು ವರ್ಷಕ್ಕೊಮ್ಮೆ ಬಾಯ್ಲರನ್ನು ಇಳಿಸಿ, ಬಿಚ್ಚಿ, ಪರೀಕ್ಷಿಸಿ ಸಿದ್ಧಗೊಳಿಸಬೇಕು. ‘ಟಾಲಿಲಿನ್’ ಎಂಜಿನ್ನನ್ನು ಕಾರ್ಖಾನೆಗೆ ಕಳಿಸಿ ಪುನರ್ನಿರ್ಮಿಸಿ ೧೯೫೮ರಲ್ಲಿ ಮತ್ತೆ ಹಳಿಗೆ ತಂದರು. ‘ಡೋಲ್ಗೋಖ್’ ದೀರ್ಘಕಾಲ ಬಿಚ್ಚಿಟ್ಟಿದ್ದು ೧೯೬೩ರಲ್ಲಿ ಮರಳಿತು. ಬಾಯ್ಲರು ಹೊಸದು, ನೀರಿನ ತೊಟ್ಟಿ ಹೊಸದು. ಇಂದು ಅವುಗಳಲ್ಲಿ ಅಂದಿನ ಕಬ್ಬಿಣ ಉಳಿದಿರುವುದು ಅಲ್ಪಸ್ವಲ್ಪ. ಹಾಗಾದರೆ ಉಳಿಸಿದ್ದೇನು? ತೊಟ್ಟ ಹೆಸರನ್ನೇ? ನನ್ನ ಜೊತೆಗೆ ಬಂದಿದ್ದ ತಮ್ಮ ಗಣಿತ ಓದಿದವನು. “ಇದು ಮೋಸ ಅಲ್ಲವೇನಣ್ಣಾ? ಹಳೆಯದು ಅಂತ ಹೇಳಿ ಹೊಸದು ತೋರಿಸುತ್ತಾರೆ,” ಎಂದ.

ಗಾಡಿ ಹೊರಡುವವರೆಗೂ ನಾನು ಉತ್ತರ ಹೇಳಲಿಲ್ಲ. ಹೇಳುವಾಗ ನನ್ನ ಕಸುಬಿಗೆ ಸೇರಿದ ಉತ್ತರವೇ ಬಾಯಿಗೆ ಬಂತು. ಪಂಪ ಸ್ವಹಸ್ತದಿಂದ ಬರೆದ ಓಲೆ ನಮ್ಮಲ್ಲಿ ಒಂದೂ ಇಲ್ಲ. ಪೊನ್ನನದಿಲ್ಲ, ರನ್ನನದಿಲ್ಲ. ಓಲೆಗರಿಗೆ ಹುಳು ಹಿಡಿಯುತ್ತದೆ, ಅಂಚು ಮುರಿಯುತ್ತದೆ. ಕಟ್ಟು ಕಟ್ಟಿ ಪೆಟ್ಟಿಗೆಯಲ್ಲಿ ಇಟ್ಟು ಪೂಜೆ ಮಾಡಿದ ಓಲೆಗಳೇ ಎಷ್ಟೋ ಪುಡಿಯಾಗಿ ಹೋದವು. ಕಾವ್ಯ ಉಳಿದದ್ದು ಪ್ರತಿ ಮಾಡಿದವರಿಂದ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಬರೆಯಿಸಿದಳು. ಇದ್ದ ಒಂದನ್ನು ಬಂಗಾರದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡಲಿಲ್ಲ. ಇಂದು ನಮ್ಮ ಕೈಯಲ್ಲಿರುವ ಯಾವ ಓಲೆಯೂ ಮೊದಲಿನ ಓಲೆಯಲ್ಲ. ಹಾಗೆಂದು ಕಾವ್ಯ ಪೊನ್ನನದಲ್ಲವೆನ್ನುವವರುಂಟೇ? “ನಿಮ್ಮ ಓಲೆಗೆ ಬಾಯ್ಲರಿನ ಖರ್ಚಿಲ್ಲ,” ಎಂದು ತಮ್ಮ ನಕ್ಕ. ಅವನ ಮಾತೂ ಸುಳ್ಳಲ್ಲ. ಪ್ರತಿಕಾರನ ಕೈತಪ್ಪಿನಿಂದ ಪಾಠ ಕೆಡುವುದೂ ಉಂಟು, ಅದನ್ನು ನಾವು ಪಾಠಾಂತರವೆಂದು ಅಡಿಟಿಪ್ಪಣಿಯಲ್ಲಿ ತೋರಿಸುತ್ತೇವೆ. ಎಂಜಿನ್ನಿಗೆ ಅಡಿಟಿಪ್ಪಣಿ ಬರೆಯುವುದೆಲ್ಲಿ?

ಆದರೂ ಒಂದು ವಿಷಯದಲ್ಲಿ ನನಗೆ ಸಂದೇಹವಿಲ್ಲ. ಅಲ್ಲಿ ಪ್ರತಿಯಾಗುತ್ತಿರುವುದು ಬರಿಯ ಕಬ್ಬಿಣವಲ್ಲ. ಅಂದು ನಮ್ಮ ಗಾಡಿಯ ಫೈರ್‌ಮನ್ ಎಪ್ಪತ್ತರ ಆಸುಪಾಸಿನವರು. ವರ್ಷಕ್ಕೆ ಕೆಲವು ವಾರ ಸ್ವಂತ ಖರ್ಚಿನಲ್ಲಿ ಬಂದು ಮೈಗೆ ಮಸಿ ಬಳಿದುಕೊಳ್ಳುವ ನಿವೃತ್ತ ಬ್ಯಾಂಕ್ ನೌಕರರು. ಅವರ ಪಕ್ಕದಲ್ಲಿ ಹದಿನೇಳು ಹದಿನೆಂಟರ ಒಬ್ಬ ಹುಡುಗಿ ಕೆಲಸ ಕಲಿಯುತ್ತಿದ್ದಳು. ಮೊದಲು ಅರಿವೆ ಹಿಡಿದು ಒರೆಸುವುದು, ಬೂದಿ ತೆಗೆಯುವುದು. ಹಲವು ಋತುಗಳಾದ ಮೇಲೆ ಸಲಿಕೆ. ಅದಾದ ಮೇಲೆ ಎಂದೋ ಒಂದು ದಿನ ಚಾಲಕನ ಸ್ಥಾನ. ಬೆಂಕಿಯ ಬಣ್ಣ ನೋಡಿ ಕಲ್ಲಿದ್ದಲು ಎಲ್ಲಿ ಬೀಳಬೇಕೆಂದು ತಿಳಿಯುವುದು ಪುಸ್ತಕದಲ್ಲಿ ಸಿಗುವ ವಿದ್ಯೆಯಲ್ಲ. ಕೈಯಿಂದ ಕೈಗೆ ದಾಟಬೇಕು. ಎಂಜಿನ್ನು ನಿಂತ ದಿನ ಆ ವಿದ್ಯೆ ಒಂದು ತಲೆಮಾರಿಗೆ ಮುಗಿಯುತ್ತದೆ. ನಮ್ಮಲ್ಲಿ ೧೯೯೦ರ ದಶಕದಲ್ಲಿ ಬಯಲುಸೀಮೆಯ ಉಗಿ ಎಂಜಿನ್ನುಗಳೆಲ್ಲ ನಿಂತಾಗ ಸಾವಿರಾರು ಕೈಗಳಲ್ಲಿದ್ದ ವಿದ್ಯೆ ಮನೆಗೆ ಹೋಗಿ ಜಗಲಿಯ ಮೇಲೆ ಕುಳಿತಿತು. ಡೀಸೆಲ್ಲು ಬಂದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಒಲೆಯ ಮುಂದೆ ನಿಲ್ಲುವ ಕೆಲಸದಿಂದ ಬಿಡುಗಡೆಯಾದದ್ದಕ್ಕೆ ನಮ್ಮ ಅತ್ತೆಯವರು ದೇವರಿಗೆ ತುಪ್ಪದ ದೀಪ ಹಚ್ಚಿದ್ದು ನನಗೆ ಗೊತ್ತು.

ಉಳಿಯದೆ ಹೋದದ್ದೂ ಅಲ್ಲಿ ಕಣ್ಣಿಗೆ ಬೀಳುತ್ತದೆ. ಗಾಡಿ ಡೋಲ್ಗೋಖ್ ಕಣಿವೆಯ ಇಟ್ಟಿಗೆಯ ಎತ್ತರದ ಸೇತುವೆಯನ್ನು ದಾಟಿ, ನೀರು ಕುಡಿದು, ಅಬರ್‌ಗನೋಲ್ವಿನ್ನನ್ನು ಹಿಂದಿಟ್ಟು ಕಡೆಯ ನಿಲ್ದಾಣವಾದ ನಾಂಟ್ ಗ್ವೆರ್ನೋಲ್ ಸೇರುತ್ತದೆ. ಹಿಂದೆ ಕಲ್ಲಿನ ಗಾಡಿಗಳು ಮಾತ್ರ ಹೋಗುತ್ತಿದ್ದ ಈ ಕೊನೆಯ ತುಂಡನ್ನು ಸಂಘದವರು ೧೯೭೬ರಲ್ಲಿ ಪ್ರಯಾಣಿಕರಿಗೆ ತೆರೆದರು. ಮೇಲೆ ಕಾಡಿನೊಳಗೆ ಗಣಿಯ ಪಾಳು. ಆ ಗಣಿಯ ಧೂಳು ಕುಡಿದವರು, ಅದು ಮುಚ್ಚಿದಾಗ ಕೆಲಸ ಕಳೆದುಕೊಂಡವರು ಈ ಕಣಿವೆಯವರು. ರೈಲನ್ನು ಉಳಿಸಲು ಮೊದಲು ಸಭೆ ಸೇರಿದವರು ಇಂಗ್ಲೆಂಡಿನ ಊರಿನಲ್ಲಿ. ಹಳಬರಲ್ಲಿ ಕೆಲವರು ರೈಲಿನಲ್ಲೇ ಮುಂದುವರಿದು ಹೊಸಬರಿಗೆ ಕೈ ಕೊಟ್ಟರೆಂಬುದು ನಿಜ. ಆದರೂ ಒಂದು ಊರಿನ ಅನ್ನ ಇನ್ನೊಂದು ಊರಿನ ರಜೆಯ ಸಂತೋಷವಾಗುವುದನ್ನು ನೋಡಿದಾಗ ಸ್ವಲ್ಪ ಹೊತ್ತು ಮಾತು ಹೊರಡುವುದಿಲ್ಲ. ೨೦೨೧ರಲ್ಲಿ ಯುನೆಸ್ಕೋ ವಾಯವ್ಯ ವೇಲ್ಸಿನ ಸ್ಲೇಟು ಪ್ರದೇಶವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಬ್ರಿನ್ ಎಗ್ಲುಯಿಸ್ ಗಣಿಯೂ ಈ ರೈಲೂ ಜೊತೆಯಾಗಿಯೇ ಇವೆ, ಅದು ನ್ಯಾಯವಾಗಿಯೇ ಇದೆ.

ಹೊಸ ಕಂಟಕ ಬೇರೆಡೆಯಿಂದ ಬಂದಿದೆ. ೨೦೨೩ರ ನವೆಂಬರಿನಲ್ಲಿ ದಕ್ಷಿಣ ವೇಲ್ಸಿನ ಫೋಸ್ ಅ ವ್ರಾನ್ ಎಂಬ ದೊಡ್ಡ ಕಲ್ಲಿದ್ದಲಿನ ಗಣಿ ಮುಚ್ಚಿತು. ವೇಲ್ಸಿನ ಕಲ್ಲಿದ್ದಲೆಂದರೆ ಒಂದು ಕಾಲಕ್ಕೆ ಪ್ರಪಂಚದ ಹಡಗುಗಳಿಗೆಲ್ಲ ಮೃಷ್ಟಾನ್ನ; ಈಗ ವೇಲ್ಸಿನ ನೆಲದಲ್ಲೇ ಓಡುವ ಹಳೆಯ ಎಂಜಿನ್ನುಗಳಿಗೆ ಪರದೇಶದ ಕಲ್ಲಿದ್ದಲನ್ನೋ, ಪುಡಿಯನ್ನು ಕಟ್ಟಿ ಮಾಡಿದ ಉಂಡೆಗಳನ್ನೋ ತಿನ್ನಿಸಿ ನೋಡಬೇಕಾಗಿದೆ. ಬ್ರಿಟನ್ನಿನಲ್ಲಿ ಇಂಥ ಸಂಘಗಳ ರೈಲುಗಳು ಈಗ ನೂರಕ್ಕೂ ಮೀರಿವೆ. ೧೯೫೫ರಲ್ಲಿ ಫೆಸ್ಟಿನಿಯೋಗ್, ೧೯೬೦ರಲ್ಲಿ ಬ್ಲೂಬೆಲ್, ಹೀಗೆ ಟಾಲಿಲಿನ್ನಿನ ಹಿಂದೆ ಹಿಂಡೇ ಬಂತು. ಎಲ್ಲಕ್ಕೂ ಈಗ ಇದೇ ಚಿಂತೆ. ಬೇರೆ ಉರುವಲು ಬೇರೆ ರೀತಿ ಉರಿಯುತ್ತದೆ. ಸಲಿಕೆ ಹಿಡಿದವರು ಮತ್ತೆ ವಿದ್ಯಾರ್ಥಿಗಳಾಗಿದ್ದಾರೆ ಎಂದು ಆ ಬ್ಯಾಂಕಿನ ಹಿರಿಯರು ಹೇಳಿದರು. ಹೇಳುವಾಗ ಅವರಿಗೆ ಬೇಸರವಿದ್ದಂತೆ ತೋರಲಿಲ್ಲ.

ಮೇಲೇರುವಾಗ ನಾನು ಎಂಜಿನ್ನಿಗೆ ಅಂಟಿದ ಮೊದಲ ಗಾಡಿಯಲ್ಲಿ ಕುಳಿತು, ಅದರ ಸದ್ದನ್ನು ಮೊಬೈಲಿನಲ್ಲಿ ಹಿಡಿದುಕೊಂಡಿದ್ದೆ. ಊರಿಗೆ ಬಂದ ವಾರ ಮಾವನವರ ಮನೆಗೆ ಹೋದೆ. ಅವರಿಗೆ ಈಚೆಗೆ ಕಣ್ಣು ಮಂಜು. ಚಿತ್ರ ತೋರಿಸಿ ಪ್ರಯೋಜನವಿಲ್ಲ. ಸದ್ದನ್ನು ಹಾಕಿ ಮೊಬೈಲನ್ನು ಅವರ ಕಿವಿಯ ಹತ್ತಿರ ಹಿಡಿದೆ. ಮೊದಲು ಸುಮ್ಮನೆ ಕೇಳಿದರು. ಆಮೇಲೆ ಅವರ ಬಲಗೈ ತೊಡೆಯ ಮೇಲೆ ಮೆಲ್ಲಗೆ ತಾಳ ಹಿಡಿಯತೊಡಗಿತು.

“ಎಷ್ಟು ಅಗಲದ ಹಳೀನೋ?” ಎಂದರು.

ಹೇಳಿದೆ.

“ಅಯ್ಯೋ, ಆಟದ ಸಾಮಾನು,” ಎಂದು ನಕ್ಕರು. ಆದರೆ ಕೈ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ, “ನೋಡು, ಏರು ಹಿಡೀತು,” 
ಎಂದರು. ಎಂಜಿನ್ನಿನ ಉಸಿರು ಭಾರವಾದದ್ದು ನನಗೂ ಆಗಲೇ ಕೇಳಿಸಿತು. ರೈಲಿನಲ್ಲಿ ಕುಳಿತಿದ್ದಾಗ ಗಮನಿಸಿರಲಿಲ್ಲ. ಮಾವನವರು ಕಣ್ಣು ಮುಚ್ಚಿ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದರು.

“ಈಗ ಹಾಕಬೇಕು,” ಎಂದರು. “ಈಗ. ಹಿಂದಿನ ಮೂಲೆಗೆ ಎರಡು ಸಲಿಕೆ.”

ಮೊಬೈಲಿನೊಳಗೆ ಒಲೆಯ ಬಾಗಿಲು ಠಣ್ಣೆಂದು ತೆರೆದುಕೊಂಡಿತು.